ಸೇಂಟ್ ಲೂಯಿಸ್‌ಗೆ ಹೋಗುವ ದಾರಿ

ಕಿತ್ತಳೆ ಸಿಪ್ಪೆಯ ವಾಸನೆ ಬಂದರೆ ಈಗಲೂ ನನಗೆ ವಿದೇಶದಲ್ಲಿ ನಾವು ನೆಲೆಸಿದ್ದ ಬ್ಲ್ಯಾಕ್‌ಟೌನ್‌ನ ಬಾಡಿಗೆ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದ ದೊಡ್ಡಪ್ಪನಿಗೆ ಹೃದಯದ ಆಪರೇಷನ್ ಆಗಿದೆಯೆಂದು ಊರಿನಿಂದ ಸುದ್ದಿ ಬಂದಿತ್ತು. ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿದ್ದವು. ಅಪ್ಪ ಮೇಜಿನ ಮೇಲೆ ನುಣುಪಾದ ಮ್ಯಾಪ್ ಹರಡಿಕೊಂಡು, ಕಿತ್ತಳೆ ಸುಲಿಯುತ್ತಾ, ಆ ಊರಿನ ಪಕ್ಕ ಹರಿಯುವ ಮಿಸಿಸಿಪ್ಪಿ ನದಿಯ ನೀಲಿ ಗೆರೆಯನ್ನೇ ನೋಡುತ್ತಿದ್ದರು.

"ಲಾಸ್ ಏಂಜಲೀಸ್‌ವರೆಗೂ ಫ್ಲೈಟ್. ಅಲ್ಲಿಂದ ಇನ್ನೊಂದು ಫ್ಲೈಟ್ ಬುಕ್ ಮಾಡ್ಲಾ, ಟ್ರೈನಲ್ಲಿ ಹೋಗ್ಲಾ? ಬಸ್ಸೂ ಇದೆಯಂತೆ."

"ಅದೆಲ್ಲಾ ಆಮೇಲೆ ನೋಡೋಣ ರೀ. ಮೊದ್ಲು ಭಾವಂಗೆ ಫೋನ್ ಮಾಡಿ" ಎಂದರು ಅಮ್ಮ.

ಅಪ್ಪ ಅಂಟು ಕೈಯನ್ನು ಪಂಚೆಗೆ ಒರೆಸಿಕೊಂಡು ನಂಬರ್ ಒತ್ತಿದರು. "ಅಣ್ಣಾ, ನಾನು" ಎಂದರು.

ಆ ಕಡೆಯ ಕ್ಷೀಣ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಊಟ ಆಯ್ತೇನೋ?"

ಫೋನಿನಲ್ಲಿ ಅದು ಕಾಣುವುದಿಲ್ಲವೆಂಬುದನ್ನೂ ಮರೆತು, ಅಪ್ಪ ತಲೆಯಾಡಿಸುತ್ತಲೇ ಇದ್ದರು.