ನೆರಳು ಬೀಳದ ಪ್ರೊಜೆಕ್ಟರ್

"ನೆರಳೇ ಬೀಳಲ್ಲ ಅಂದ್ರಾ?" ಎಂದು ಟೈಲರ್ ಮೂರನೇ ಸಲ ಕೇಳಿದ.

ಅಂಗಡಿಯವನಿಗೆ ಉತ್ಸಾಹ ಉಕ್ಕಿತು. "ಇಲ್ಲ ಸಾರ್! ಇದನ್ನ ಗೋಡೆ ಬುಡದಲ್ಲೇ ಇಡೋದು. ನಿಮ್ಮ ಮಗ ಪರದೆ ಮುಂದೆ ಕುಣೀತಾ ಗೇಮ್ ಆಡ್ಲಿ, ಯಾರಾದ್ರೂ ಅಡ್ಡ ಹೋಗ್ಲಿ, ನೆರಳು ಕಾಣಲ್ಲ. ಆ ಇನ್ನೊಂದು ಸಿನಿಮಾಕ್ಕೆ, ಬಣ್ಣ ಅಂದ್ರೆ ಬಣ್ಣ. ಆದ್ರೆ ಬೆಳಕು ಹಿಂದಿನಿಂದ ಬರುತ್ತೆ, ನಿಮ್ಮ ಕೆಟ್ಟುಹೋದ ಹಳೇದರ ಥರಾನೇ."

"ಹಂಗಾದ್ರೆ ಈ ಗೇಮಿಂದೇ ಕೊಡಿ."

ಹೆಂಡತಿ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಬೇಡ ರೀ, ಸಿನಿಮಾದ್ದೇ ಇರ್ಲಿ." ದನಿ ತಗ್ಗಿಸಿದಳು. "ದೊಡ್ಡವಳು ಬರ್ತಾಳೆ. ಸಿನಿಮಾ ಹಾಕಿದಾಗಲೆಲ್ಲ ಅಡ್ಡ ಹಾದು ಹೋಗ್ತಾಳೆ, ಪರದೆ ಮೇಲೆ ನೆರಳು ಬೀಳುತ್ತೆ. ನೀವು ನೋಡೇ ಇಲ್ವಾ?"

ದೊಡ್ಡ ಮಗಳು ಏಳನೇ ವಯಸ್ಸಿಗೇ ತೀರಿಕೊಂಡು ಮೂರು ವರ್ಷವಾಗಿತ್ತು. ಟೈಲರ್ ಪ್ರೊಜೆಕ್ಟರಿನ ಡಬ್ಬವನ್ನೇ ನೋಡುತ್ತ, "ಎಲ್ಲೋ ಭ್ರಮೆ ಕಣೇ ನಿಂಗೆ. ನಾನಂತೂ ಒಂದಿನಾನೂ ಏನೂ ನೋಡಿಲ್ಲಪ್ಪ," ಎಂದ.

ಅವಳು ವಾದಕ್ಕೆ ಇಳಿಯಲಿಲ್ಲ. ತನ್ನಷ್ಟಕ್ಕೇ ಹೇಳಿಕೊಳ್ಳುವಂತೆ, "ನೆರಳಲ್ಲಿ ಆ ಫ್ರಾಕು ಮೊಣಕಾಲು ಬಿಟ್ಟು ಮೇಲಕ್ಕೆ ಬಂದ್ಬಿಟ್ಟಿದೆ. ಬೆಳೀತಾ ಇದ್ದಾಳೆ ಕೂಸು. ಈಗ ಹೊಲಿದ್ರೆ ಎಷ್ಟು ಉದ್ದ ಜಾಸ್ತಿ ಬಿಡ್ಬೇಕೋ ಏನೋ," ಎಂದಳು.

ಇಪ್ಪತ್ತು ವರ್ಷ ಅಳತೆ ಹೇಳಿ ಹೇಳಿ ಪಳಗಿದ ನಾಲಿಗೆ ಅವನನ್ನು ಒಂದು ಮಾತೂ ಕೇಳಲಿಲ್ಲ.

"ಮೂರೂವರೆ ಇಂಚು," ಅಂದುಬಿಟ್ಟಿತು.