ಎತ್ತರದ ಕುರ್ಚಿ

"ಹಾಕ್ರೀ ಸೈನು. ಪೆನ್ನು ಹಿಡ್ಕೊಂಡು ಏನು ಮಹಾಕಾವ್ಯ ಬರೀತಿದೀರಾ?"

ಈಜುಕೊಳದ ಕೌಂಟರಿನ ಕಿಂಡಿಯೊಳಗಿಂದ ಹೆಂಡತಿ ಪಿಸುಗುಟ್ಟಿದಳು. ಹೊರಗೆ ನಿಂತಿದ್ದ ಗಂಡ ಅದೇ ಕೊಳದ ಲೈಫ್‌ಗಾರ್ಡ್. ಅವನ ಮುಂದೆ ಪ್ರತಿ ತಿಂಗಳ ಮೊದಲ ದಿನ ಬರುವ ಹಾಳೆ. ಅದರಲ್ಲಿ ಒಂದೇ ಸಾಲು: 'ಕಳೆದ ತಿಂಗಳು ನನಗೆ ಫಿಟ್ಸ್ ಬಂದಿಲ್ಲ.' ಐದು ವರ್ಷದಿಂದ ಫಿಟ್ಸ್ ಬಂದಿಲ್ಲವೆಂದು ಡಾಕ್ಟರು ಬರೆದುಕೊಟ್ಟ ಮೇಲೆಯೇ ಅವನಿಗೆ ಈ ಕೆಲಸ ಸಿಕ್ಕಿದ್ದು. ಒಮ್ಮೆ ಬಂದರೂ ಒಂದು ವರ್ಷ ನೀರಿನ ಹತ್ತಿರ ಸುಳಿಯುವಂತಿಲ್ಲ ಎಂದು ಅವತ್ತೇ ಖಡಾಖಂಡಿತವಾಗಿ ಹೇಳಿದ್ದರು. ಹನ್ನೊಂದು ಹಾಳೆಗಳಿಗೆ ಅವನು ಶಿಳ್ಳೆ ಹಾಕುತ್ತಾ ಸೈನ್ ಮಾಡಿದ್ದ. ಇದು ಹನ್ನೆರಡನೆಯದು. ಇದಾದರೆ ಬರುವ ಸೋಮವಾರ ಕೆಲಸ ಕಾಯಂ. ಆದರೆ ನಿನ್ನೆ ಬೆಳಿಗ್ಗೆ ಅಡುಗೆಮನೆಯಲ್ಲಿ, ಹಾಲಿನ ಪಾತ್ರೆ ಕೈಯಲ್ಲಿರುವಾಗಲೇ, ಅವನು ದಬಕ್ಕನೆ ಬಿದ್ದಿದ್ದ.

"ಮೂರು ನಿಮಿಷ ಕಣೇ. ನೀನೇ ಗಡಿಯಾರ ನೋಡಿ ಹೇಳಿದೆ."

"ಕಾಯಂ ಆಗುತ್ತೆ ಅನ್ನೋ ಖುಷೀಲಿ ಎರಡು ದಿನ ನಿದ್ದೆ ಮಾಡ್ಲಿಲ್ಲ, ಅದಕ್ಕೇ ಬಂತು. ಇವತ್ತು ಚೆನ್ನಾಗಿ ಮಲಗಿ ಎದ್ದಿದೀರಿ, ಮಾತ್ರೆ ನುಂಗಿದೀರಿ. ಏನೂ ಆಗಲ್ಲ, ನನ್ನ ಮಾತು ನಂಬಿ."

"ಇವತ್ತು ಸ್ಕೂಲ್ ಮಕ್ಕಳು ಬರ್ತಾರೆ. ಮ್ಯಾನೇಜರ್‌ಗೆ ಹೇಳ್ಬಿಡ್ಲಾ?"

"ಹೇಳಿ. ಹೇಳಿ ಮತ್ತೆ ಮನೇಲಿ ಕೂತ್ಕೊಳ್ಳಿ. ಡ್ರೈವಿಂಗ್ ಲೈಸೆನ್ಸ್ ಕೊಡಲ್ಲ ಅಂದ್ರು, ಏಣಿ ಹತ್ತೋ ಕೆಲಸ ಬೇಡ ಅಂದ್ರು, ಮಷೀನ್ ಮುಟ್ಟಬೇಡ ಅಂದ್ರು. ನಾಲ್ಕು ವರ್ಷ ಗೋಡೆ ನೋಡ್ತಾ ಕೂತಿದ್ರಲ್ಲ, ಸಾಕಾಗಿಲ್ವಾ? ಅದನ್ನ ಇನ್ನೊಂದು ಸಲ ನೋಡೋ ಶಕ್ತಿ ನನಗಂತೂ ಇಲ್ಲರೀ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೆಂಡತಿ ಜೋರು ಮಾಡಿದ್ದರೆ ಅವನು ಎದುರು ಮಾತಾಡುತ್ತಿದ್ದನೇನೋ. ಕಣ್ಣಲ್ಲಿ ನೀರು ತಂದುಕೊಂಡರೆ ಏನು ಮಾಡುವುದು? ಸೈನ್ ಹಾಕಿದ.

ಹತ್ತು ಗಂಟೆಗೆ ಬಂತು ನೋಡಿ ಮಕ್ಕಳ ದಂಡು! ಟೀಚರ್ ಕೊಳದ ಅಂಚಿಗೆ ಬಂದು, "ಇಪ್ಪತ್ತಮೂರು ಮಕ್ಕಳು, ನಿಮ್ಮ ಮಗಳೂ ಸೇರಿ" ಎಂದು ನಕ್ಕು, ತಡವಾದವರನ್ನು ಕರೆತರಲು ಬಟ್ಟೆ ಬದಲಿಸುವ ಕೋಣೆಯ ಕಡೆ ಹೋದರು. ಅವನು ಎತ್ತರದ ಕುರ್ಚಿ ಹತ್ತಿ ಕೂತ. ಒಂದೇ ಸಮನೆ ಕಿರುಚಾಟ, ಎರಚಾಟ. ಗಾಜಿನ ಚಾವಣಿಯಿಂದ ಇಳಿದ ಬಿಸಿಲು ನೀರಿನ ಮೇಲೆ ಮಿಣಮಿಣ ಕುಣಿಯುತ್ತಿತ್ತು. ಬೇರೆ ದಿನವಾದರೆ ಅದು ಅವನಿಗೆ ಬಲು ಇಷ್ಟ. ಇವತ್ತು ನೋಡಲಿಕ್ಕೇ ಭಯ; ಮಿನುಗುವ ಬೆಳಕಿಗೂ ಫಿಟ್ಸ್ ಬರಬಹುದಂತೆ. ಫಿಟ್ಸ್ ಬರುವ ಮುಂಚೆ ಅವನ ಬಾಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ ಬರುತ್ತದೆ. ಬಂತಾ? ಇಲ್ಲ. ಈಗ? ಇಲ್ಲ. ನಿಮಿಷಕ್ಕೊಮ್ಮೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ನೋಡಿಕೊಂಡ. ಅಂಗೈ ಬೆವರಿ ಕುರ್ಚಿಯ ಹಿಡಿ ಜಾರುತ್ತಿತ್ತು.

ಕೊನೆಯ ಮಗುವೂ ನೀರಿಗಿಳಿದ ಮೇಲೆ ರೂಢಿಯಂತೆ ತಲೆ ಎಣಿಸಿದ. ಇಪ್ಪತ್ತೆರಡು.

ಮತ್ತೆ ಎಣಿಸಿದ. ಕೆಂಪು ಟೋಪಿ ಒಂಬತ್ತು, ಹಳದಿ ಹದಿಮೂರು. ಇಪ್ಪತ್ತೆರಡೇ. ಒಂದು ಮಗು ತಳದಲ್ಲಿದೆಯೇ? ಅಥವಾ ನಡುವೆ ಒಂದೆರಡು ನಿಮಿಷ ತನಗೇ ಗೊತ್ತಿಲ್ಲದೆ ಎಚ್ಚರ ತಪ್ಪಿತ್ತೇ? ಮೆಟ್ಟಿಲು ಬಿಟ್ಟು ಕುರ್ಚಿಯ ಮೇಲಿನಿಂದಲೇ ನೆಲಕ್ಕೆ ಧುಮುಕಿದ. ಅಂಚಿಗೆ ಓಡಿ ತಳದಲ್ಲೆಲ್ಲ ಕಣ್ಣಾಡಿಸಿದ. ನೀಲಿ ಹೆಂಚುಗಳು ಬಿಟ್ಟರೆ ಏನೂ ಕಾಣಲಿಲ್ಲ.

"ಅಪ್ಪಾ, ಏನು ಹುಡುಕ್ತಿದೀಯಾ?"

ಹಿಂದೆ ಗೋಡೆ ಬದಿಯ ಬೆಂಚಿನ ಮೇಲೆ ಅವನ ಮಗಳು ಕೂತಿದ್ದಳು. ಮೈಮೇಲೆ ಯೂನಿಫಾರ್ಮ್, ಕಾಲಲ್ಲಿ ಶೂ, ಮುಖ ಇಷ್ಟುದ್ದ. ಬದುಕಿದೆಯಾ ಬಡಜೀವವೇ ಎಂದು ಅವನ ಉಸಿರು ಮರಳಿತು.

"ನೀನ್ಯಾಕೆ ಪುಟ್ಟೀ ನೀರಿಗಿಳಿದಿಲ್ಲ?"

"ಅಮ್ಮ ಎಲ್ಲರಿಗೂ ಲಾಕರ್ ಕೀ ಕೊಟ್ಳು, ನಂಗೆ ಮಾತ್ರ ಕೊಡ್ಲಿಲ್ಲ."

"ಶೀತ ಏನಾದ್ರೂ ಆಗಿದೆಯಾ?"

"ಏನೂ ಇಲ್ಲಪ್ಪ! ಇವತ್ತೊಂದಿನ ನೀರಿಗೆ ಇಳೀಬೇಡ, ಸುಮ್ನೆ ಕೂತ್ಕೋ ಅಂದ್ಳು. ಯಾಕೆ ಅಂದ್ರೆ ಬೈದ್ಳು."

ಅವನು ತಲೆಯೆತ್ತಿ ಗಾಜಿನಾಚೆಯ ಕೌಂಟರಿನತ್ತ ನೋಡಿದ. ಹೆಂಡತಿ ಕಿಂಡಿಯ ಹಿಂದೆ ನಿಂತು ಅವನನ್ನೇ ನೋಡುತ್ತಿದ್ದಳು. ಕಣ್ಣಿಗೆ ಕಣ್ಣು ಸೇರಿದ್ದೇ ತಡ, ತಲೆ ತಗ್ಗಿಸಿ ಮೇಜಿನ ಮೇಲೆ ಏನನ್ನೋ ಹುಡುಕತೊಡಗಿದಳು. ಅವಳ ಮೇಲೆ ಸಿಟ್ಟು ಬರುತ್ತದೆ ಎಂದುಕೊಂಡ, ಬರಲಿಲ್ಲ. ತಾಯಿ ತಾನೇ. ಆಮೇಲೆ ನೀರಿನಲ್ಲಿದ್ದ ಆ ಇಪ್ಪತ್ತೆರಡು ತಲೆಗಳತ್ತ ತಿರುಗಿದ.

ಸೀಟಿಯನ್ನು ಬಾಯಿಗಿಟ್ಟು ಉದ್ದಕ್ಕೆ ಊದಿದ. ಒಂದು ಸಲ, ಎರಡು ಸಲ, ಮೂರು ಸಲ. ಆಟ ಕೆಟ್ಟಿತೆಂದು ಗೊಣಗುತ್ತಾ ಮಕ್ಕಳು ಮೇಲೆ ಹತ್ತತೊಡಗಿದರು. ಕೊನೆಯ ಹಳದಿ ಟೋಪಿಯನ್ನು ಅವನೇ ತೋಳು ಹಿಡಿದು ಮೇಲೆಳೆದ.

ಸೀಟಿಯ ಸದ್ದಿಗೆ ಮ್ಯಾನೇಜರ್ ಆಫೀಸಿನಿಂದ ಏದುಸಿರು ಬಿಡುತ್ತಾ ಓಡಿಬಂದರು. ಹಿಂದೆಯೇ ಕೌಂಟರ್ ಬಿಟ್ಟು ಹೆಂಡತಿ.

"ಏನ್ರೀ, ಏನಾಯ್ತು? ಯಾರು ಮುಳುಗಿದ್ದು?"

ಅವನು ಕೊರಳಿನ ಸೀಟಿ ಬಿಚ್ಚಿ ಮ್ಯಾನೇಜರ್ ಕೈಗೆ ಕೊಟ್ಟ.

"ಇನ್ನೂ ಯಾರೂ ಇಲ್ಲ, ಸರ್."