ತಲೆಕೆಳಗಾದ ನರ್ಸಮ್ಮ

ಫೋಟೋ ಸ್ಟುಡಿಯೋದ ಕಂಪ್ಯೂಟರಿನಲ್ಲಿ ತಂಗಿ ಹಾಕಿದ ಹೊಸ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗಿ ನರ್ಸಮ್ಮನ ಫೋಟೋ ಅದರಲ್ಲಿ ತೆರೆದುಕೊಂಡ ಕೂಡಲೇ ಅಣ್ಣನ ಕೈ ಕೀಬೋರ್ಡಿನ ಮೇಲೆ ಬಿತ್ತು. ಕಂಟ್ರೋಲ್, ಆಲ್ಟ್, ಕೆಳಬಾಣ. ಪರದೆಯೇ ತಲೆಕೆಳಗಾಗಿ ನರ್ಸಮ್ಮ ಬಾವಲಿಯಂತೆ ನೇತಾಡಿದರು.

"ಸ್ಟುಡಿಯೋ ನಂದು. ಇವರ ಕೆನ್ನೆ ಮೇಲಿನ ಗಾಯದ ಗುರುತು ಅಳಿಸಲ್ಲ ಅಂತೀಯಾ? ನನ್ನ ಸಾಫ್ಟ್‌ವೇರ್‌ಗೆ ಪಾಸ್‌ವರ್ಡ್ ಹಾಕಿದ್ರೆ ಈ ಪುಕ್ಕಟೆದನ್ನ ತಂದು ಕೂರಿಸ್ತೀಯಾ? ಮಾಡು ನೋಡೋಣ ಈಗ!"

"ಪುಕ್ಕಟೆನೇ ಅಣ್ಣ. ಯಾರು ಬೇಕಾದ್ರೂ ಹಾಕ್ಕೋಬಹುದು. ಅದಕ್ಕೇ ನಿನ್ನ ಪಾಸ್‌ವರ್ಡ್ ಆಟ ಇಲ್ಲಿ ನಡೆಯಲ್ಲ."

ತಂಗಿ ಪರದೆಯನ್ನು ನೆಟ್ಟಗೆ ಮಾಡಲಿಲ್ಲ. ಹಿಂದೆ ಅಪ್ಪ ಫಿಲ್ಮ್ ನೆಗೆಟಿವ್ ತಿದ್ದುವಾಗ ಬೇಕೆಂದೇ ತಲೆಕೆಳಗೆ ಹಿಡಿಯುತ್ತಿದ್ದರು. ಹಾಗೆ ಹಿಡಿದರೆ ಮುಖ ಮರೆತು ಕೊಳೆಯಷ್ಟೇ ಕಣ್ಣಿಗೆ ಬೀಳುತ್ತದೆ ಎನ್ನುತ್ತಿದ್ದರು. ಮೌಸನ್ನು ಎಡಕ್ಕೆ ಎಳೆದರೆ ಬಾಣ ಬಲಕ್ಕೆ ಓಡುತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡು ಧೂಳಿನ ಚುಕ್ಕೆಗಳನ್ನೂ ಹಣೆಯ ಮೇಲಿನ ಫ್ಲ್ಯಾಶ್ ಹೊಳಪನ್ನೂ ತೆಗೆದಳು. ಕೆನ್ನೆಯ ಗಾಯದ ಗುರುತಿನ ಹತ್ತಿರ ಸುಳಿಯಲಿಲ್ಲ. ಆಮೇಲೆ ಕಂಟ್ರೋಲ್, ಆಲ್ಟ್, ಮೇಲ್ಬಾಣ ಒತ್ತಿದಳು. ನರ್ಸಮ್ಮ ನೆಟ್ಟಗಾದರು, ಗಾಯದ ಗುರುತಿನ ಸಮೇತ.

"ಇದನ್ನ ಯಾರು ತಗೋತಾರೆ?" ಅಣ್ಣ ರೇಗಿದ.

ಇಷ್ಟು ಹೊತ್ತು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ ನರ್ಸಮ್ಮ ಎದ್ದರು. "ನಾನು ತಗೋತೀನಿ. ಹೋದ ಸಲ ಐಡಿ ಕಾರ್ಡಿಗೆ ಅಂತ ನೀವು ಗಾಯ ಅಳಿಸಿ ಕೊಟ್ಟ ಫೋಟೋ ನೋಡಿ, ಇದು ನೀನಲ್ಲ ಅಂತ ಆಸ್ಪತ್ರೆ ಗೇಟಲ್ಲೇ ನನ್ನ ತಡೆದ್ರು ಸ್ವಾಮಿ."

ಅಣ್ಣನ ಕೈ ಮತ್ತೆ ಕೀಬೋರ್ಡಿನತ್ತ ಚಾಚಿತು. ತಂಗಿ ಕೀಬೋರ್ಡನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಅವನ ಮುಖವನ್ನೇ ನೋಡುತ್ತಾ ಪ್ರಿಂಟ್ ಒತ್ತಿದಳು.